ಕ್ರೀಡಾವೀರ ಜಿಮ್ ಥಾರ್ಪ್

ಕಳೆದ ವರ್ಷ ನಮ್ಮ ಶಾಲೆಯ ಕ್ರೀಡಾಕೂಟವು ಮುಗಿದ ಮರುದಿನ ಎಂಟನೆಯ ತರಗತಿಯ ಬಾಲಕನೊಬ್ಬನು ನಮ್ಮೆದುರು ಬಂದು ನಿಂತು ಒಂದು ಪ್ರಶ್ನೆಯನ್ನು ಕೇಳಿದನು. ನಿಯಮವನ್ನು ತಿಳಿದು ಮುರಿದವನಿಗೂ ತಿಳಿಯದೆ ಮುರಿದವನಿಗೂ ಒಂದೇ ಶಿಕ್ಷೆಯೇ ಎಂಬುದು ಅವನ ಸಂದೇಹ. ಓಟದಲ್ಲಿ ಅವನೇ ಮೊದಲು ಗುರಿ ಮುಟ್ಟಿದ್ದನು. ಆದರೆ ತನಗರಿವಿಲ್ಲದೆ ಪಕ್ಕದವನ ಸುಣ್ಣದ ಗೆರೆಯೊಳಗೆ ಕಾಲಿಟ್ಟಿದ್ದನೆಂದು ಬಹುಮಾನವು ಎರಡನೆಯವನ ಪಾಲಾಗಿತ್ತು. ನಾವು ಏನೋ ಒಂದು ಸಮಾಧಾನವನ್ನು ಹೇಳಿ ಅವನನ್ನು ಕಳುಹಿಸಿದೆವು. ಆದರೆ ನಮ್ಮ ಸಮಾಧಾನವು ನಮಗೇ ಸಮಾಧಾನವನ್ನು ತರಲಿಲ್ಲ. ಅಂದು ಸಾಯಂಕಾಲ ಲೋಕಲ್ ಗಾಡಿಯಲ್ಲಿ ನೇತುಬಿದ್ದು ಮನೆಗೆ ಮರಳುತ್ತಿರುವಾಗ, ಇದೇ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಹೊತ್ತು ತಿರುಗಿದ ಒಬ್ಬ ಮಹಾ ಕ್ರೀಡಾಪಟುವಿನ ನೆನಪು ನಮಗಾಯಿತು. ಆ ಬಾಲಕನಿಗೆ ಹೇಳದೆ ಉಳಿದುದನ್ನು ಈ ಸಂಚಿಕೆಯ ಮೂಲಕ ಎಲ್ಲ ವಿದ್ಯಾರ್ಥಿ ಮಿತ್ರರ ಮುಂದೆ ಇಡುತ್ತಿದ್ದೇವೆ.

ಆ ಕ್ರೀಡಾಪಟುವಿನ ಹೆಸರು ಜಿಮ್ ಥಾರ್ಪ್. ಅಮೆರಿಕದ ಮೂಲನಿವಾಸಿಗಳಲ್ಲಿ ಸಾಕ್ ಮತ್ತು ಫಾಕ್ಸ್ ಎಂಬ ಜನಾಂಗಕ್ಕೆ ಸೇರಿದವನು. ಕೊಲಂಬಸನು ನಮ್ಮ ದೇಶವನ್ನು ಅರಸುತ್ತ ಹೊರಟು ಬೇರೊಂದು ಭೂಖಂಡವನ್ನು ತಲುಪಿ, ಅಲ್ಲಿಯ ಜನರನ್ನೇ ಇಂಡಿಯನ್ನರೆಂದು ಕರೆದ ಸಂಗತಿಯು ನಿಮಗೆ ಚರಿತ್ರೆಯ ಪಾಠದಿಂದ ತಿಳಿದೇ ಇದೆ. ಹೀಗೆ ನಮ್ಮ ಹೆಸರನ್ನು ಹೊತ್ತ ಆ ಜನರು ಬಿಳಿಯರ ಕೈಯಲ್ಲಿ ತಮ್ಮ ನೆಲವನ್ನು ಕಳೆದುಕೊಂಡು, ಸರಕಾರವು ಗೆರೆ ಎಳೆದು ಕೊಟ್ಟ ಸೀಮೆಗಳಲ್ಲಿ ವಾಸಿಸಬೇಕಾಯಿತು. ಅಂಥ ಒಂದು ಸೀಮೆಯಲ್ಲಿ, ಇಂದಿನ ಓಕ್ಲಹೋಮ ಸಂಸ್ಥಾನದ ಪ್ರಾಗ್ ಎಂಬ ಊರಿನ ಬಳಿ, 1887ರಲ್ಲಿ ಜಿಮ್ ಜನಿಸಿದನು. ತಾಯಿಯು ಆತನಿಗೆ ವಾ-ಥೋ-ಹುಕ್ ಎಂದು ಹೆಸರಿಟ್ಟಳು. ಬೆಳಕು ತುಂಬಿದ ಹಾದಿ ಎಂದು ಅದರ ಅರ್ಥ.

ಆತನೊಡನೆ ಅವಳಿಯಾಗಿ ಹುಟ್ಟಿದ ತಮ್ಮನೊಬ್ಬನಿದ್ದನು, ಚಾರ್ಲಿ. ಇಬ್ಬರೂ ಜೊತೆಯಾಗಿ ಕಾಡು ಸುತ್ತಿದರು, ಹೊಳೆಯಲ್ಲಿ ಈಜಿದರು, ತಂದೆಯ ಕುದುರೆಗಳನ್ನು ಅಟ್ಟಿದರು. ಜಿಮ್‌ಗೆ ಸುಮಾರು ಒಂಬತ್ತು ವರ್ಷವಾದಾಗ ಚಾರ್ಲಿಯು ನ್ಯುಮೋನಿಯದಿಂದ ತೀರಿಕೊಂಡನು. ಅಲ್ಲಿಂದ ಮುಂದೆ ಶಾಲೆಯೆಂದರೆ ಆತನಿಗೆ ಸೇರಲಿಲ್ಲ. ಒಮ್ಮೆ ತಂದೆಯು ಓಡಿಬಂದ ಮಗನನ್ನು ಇಪ್ಪತ್ತು ಮೈಲಿಗೂ ಹೆಚ್ಚು ದೂರ ನಡೆಸಿಕೊಂಡು ಹೋಗಿ ಶಾಲೆಯಲ್ಲಿ ಬಿಟ್ಟು ಮರಳಿ ಬರುವಷ್ಟರಲ್ಲಿ, ಮಗನು ಒಳದಾರಿ ಹಿಡಿದು ಓಡಿ ಆತನಿಗಿಂತ ಮೊದಲೇ ಮನೆಯನ್ನು ಸೇರಿದ್ದನೆಂಬ ಕಥೆಯುಂಟು. ಕಥೆಯು ಎಷ್ಟರಮಟ್ಟಿಗೆ ನಿಜವೋ! ಹುಡುಗನು ಎಂಥ ಓಟಗಾರನೆಂಬುದಂತೂ ಅದರಿಂದ ತಿಳಿಯುತ್ತದೆ. (ಶಾಲೆ ತಪ್ಪಿಸುವ ಮಿತ್ರರು ಇದನ್ನು ಆದರ್ಶವೆಂದು ಭಾವಿಸಬಾರದಾಗಿ ವಿನಂತಿ.) ಮುಂದೆ ಕಾನ್ಸಾಸಿನ ಹ್ಯಾಸ್ಕೆಲ್ ಶಾಲೆಗೆ ಆತನನ್ನು ಕಳುಹಿಸಿದರು. ಅಷ್ಟರಲ್ಲಿ ತಾಯಿಯೂ ಕಣ್ಮುಚ್ಚಿದಳು.

1904ರಲ್ಲಿ ಜಿಮ್ ಪೆನ್ಸಿಲ್ವೇನಿಯದ ಕಾರ್ಲೈಲ್ ಶಾಲೆಯನ್ನು ಸೇರಿದನು. ಆತನು ಅಲ್ಲಿಗೆ ಬಂದ ಸ್ವಲ್ಪ ಕಾಲದಲ್ಲಿಯೇ ತಂದೆಯೂ ಸತ್ತ ಸುದ್ದಿ ಬಂದಿತು. ಹದಿಹರೆಯದಲ್ಲಿ ಹುಡುಗನು ತಬ್ಬಲಿಯಾದನು.

ಈ ಕಾರ್ಲೈಲ್ ಶಾಲೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೈನ್ಯಾಧಿಕಾರಿಯು ಹಳೆಯ ಸೈನಿಕ ವಸತಿಗಳಲ್ಲಿ ಅದನ್ನು ಸ್ಥಾಪಿಸಿದನು. ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ನೂರಾರು, ಸಾವಿರಾರು ಮೈಲಿ ದೂರಕ್ಕೆ ತಂದು, ಅವರಲ್ಲಿರುವ ಮೂಲನಿವಾಸಿಯನ್ನು ಇಲ್ಲವಾಗಿಸಿ, ಬಿಳಿಯರಂತೆ ಮಾಡಿ ಕಳುಹಿಸುವುದೇ ಅದರ ಉದ್ದೇಶವಾಗಿದ್ದಿತು. ಮಗುವು ಬಂದ ದಿನವೇ ಅದರ ನೀಳವಾದ ಕೂದಲನ್ನು ಕತ್ತರಿಸುತ್ತಿದ್ದರು. ಹೆಸರನ್ನು ಬದಲಿಸುತ್ತಿದ್ದರು. ಮೈಮೇಲಿನ ಬಟ್ಟೆಯನ್ನು ತೆಗೆಸಿ ಸಮವಸ್ತ್ರವನ್ನು ತೊಡಿಸುತ್ತಿದ್ದರು. ತಾಯ್ನುಡಿಯಲ್ಲಿ ಮಾತನಾಡಿದರೆ ಶಿಕ್ಷೆ ವಿಧಿಸುತ್ತಿದ್ದರು. ದಿನದ ಅರ್ಧ ಭಾಗ ಪಾಠ, ಅರ್ಧ ಭಾಗ ಕಮ್ಮಾರಿಕೆ, ಬಡಗಿತನ, ಹೊಲಿಗೆ, ಅಗಸರ ಕೆಲಸ. ಬೇಸಗೆಯಲ್ಲಿ ಸುತ್ತಲಿನ ರೈತರ ಮನೆಗಳಿಗೆ ಅಲ್ಪ ಕೂಲಿಗೆ ಕಳುಹಿಸುತ್ತಿದ್ದರು. ಅಲ್ಲಿ ರೋಗದಿಂದ ಸತ್ತ ಮಕ್ಕಳ ಗೋರಿಗಳು ಸಾಲುಸಾಲಾಗಿ ನಿಂತವು. 2017ರಿಂದೀಚೆಗೆ ಅವುಗಳಲ್ಲಿ ಕೆಲವನ್ನು ತೆರೆದು ಅಸ್ಥಿಗಳನ್ನು ಅವರವರ ಜನಾಂಗಕ್ಕೆ ಮರಳಿಸುತ್ತಿದ್ದಾರೆ.

ನಾವು ಇದನ್ನು ಬರೆಯುವಾಗ ನಮ್ಮ ಕೈ ಒಂದು ಕ್ಷಣ ತಡೆಯಿತು. ಉಡುಪಿಯಿಂದ, ವಿಜಯಪುರದಿಂದ, ಕಲಬುರಗಿಯಿಂದ ಹೊಟ್ಟೆಪಾಡಿಗಾಗಿ ಈ ಮಹಾನಗರಕ್ಕೆ ಬಂದವರ ಮಕ್ಕಳು ನೀವು. ಹೊರಗೆ ಮರಾಠಿ, ಹಿಂದಿ, ಆಂಗ್ಲ ಭಾಷೆಗಳ ನಡುವೆ ಓಡಾಡಿ ಬಂದರೂ ಈ ನಾಲ್ಕು ಗೋಡೆಗಳೊಳಗೆ ಕನ್ನಡದಲ್ಲಿ ಗಣಿತವನ್ನು ಮಾಡುತ್ತೀರಿ, ಕನ್ನಡದಲ್ಲಿ ಜಗಳವನ್ನೂ ಆಡುತ್ತೀರಿ. ತಾಯ್ನುಡಿಯನ್ನು ಆಡಿದ್ದಕ್ಕೆ ಪೆಟ್ಟು ತಿಂದ ಮಕ್ಕಳ ಶಾಲೆಯೊಂದಿದ್ದಿತು ಎಂಬುದನ್ನು ನೀವು ಸುಲಭವಾಗಿ ಊಹಿಸಲಾರಿರಿ.

ಅಂಥ ಶಾಲೆಯಲ್ಲಿ ಆ ಮಕ್ಕಳಿಗೆ ತಲೆಯೆತ್ತಿ ನಿಲ್ಲಲು ದೊರೆತ ಸ್ಥಳವೆಂದರೆ ಆಟದ ಬಯಲು. 1907ರ ವಸಂತದಲ್ಲಿ ಒಂದು ದಿನ ಜಿಮ್ ಬಯಲಿನ ಬದಿಯಿಂದ ಹೋಗುತ್ತಿದ್ದನು. ಎತ್ತರ ಜಿಗಿತದ ಹುಡುಗರು ಐದು ಅಡಿ ಒಂಬತ್ತು ಅಂಗುಲಕ್ಕೆ ಕೋಲನ್ನೇರಿಸಿ, ದಾಟಲಾರದೆ ನಿಂತಿದ್ದರು. ಜಿಮ್ ತಾನೂ ಒಮ್ಮೆ ನೋಡುವೆನೆಂದನು. ಮೈಮೇಲೆ ಕೆಲಸದ ದೊಗಲೆ ಉಡುಪು. ಅದನ್ನು ಬದಲಿಸುವ ಗೋಜಿಗೂ ಹೋಗದೆ ಓಡಿಬಂದು ಕೋಲನ್ನು ಹಾರಿ, ತನ್ನ ಪಾಡಿಗೆ ತಾನು ಹೊರಟುಹೋದನು. ಸುದ್ದಿಯು ಶಾಲೆಯ ತರಬೇತಿಗಾರನಾದ ಗ್ಲೆನ್ ವಾರ್ನರನ ಕಿವಿಗೆ ಬಿದ್ದಿತು. ಎಲ್ಲರೂ ಪಾಪ್ ಎಂದು ಕರೆಯುತ್ತಿದ್ದ ಈತನು ಆ ಕಾಲದ ಅತಿ ಚತುರ ಶಿಕ್ಷಕರಲ್ಲೊಬ್ಬನು. ಮರುದಿನವೇ ಜಿಮ್ ಓಟ ಜಿಗಿತಗಳ ತಂಡಕ್ಕೆ ಸೇರಿದನು.

ಆದರೆ ಜಿಮ್‌ನ ಮನಸ್ಸು ಇದ್ದುದು ಫುಟ್‌ಬಾಲಿನಲ್ಲಿ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನೀವು ಆಡುವ ಕಾಲ್ಚೆಂಡಾಟಕ್ಕೂ ಅಮೆರಿಕದವರ ಫುಟ್‌ಬಾಲಿಗೂ ಹೆಸರಿನ ಹೊರತು ಬೇರೆ ಹೋಲಿಕೆ ಕಡಮೆ. ಅವರ ಚೆಂಡು ದುಂಡಗಿಲ್ಲ, ಎರಡೂ ತುದಿ ಮೊನಚಾಗಿರುವ ಮೊಟ್ಟೆಯಾಕಾರದ್ದು. ಅದನ್ನು ತೋಳಿನಲ್ಲಿ ಅವುಚಿಕೊಂಡು, ಎದುರಾಳಿಗಳ ಹನ್ನೊಂದು ಮಂದಿಯನ್ನು ತಪ್ಪಿಸಿ, ಅವರ ಕೊನೆಯ ಗೆರೆಯನ್ನು ದಾಟಬೇಕು. ಎದುರಾಳಿಗಳು ಕಾಲು ಹಿಡಿದು, ಸೊಂಟ ಹಿಡಿದು, ಮೇಲೆರಗಿ ಕೆಡವುತ್ತಾರೆ. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಹೋದವನು ಏಳು ಜನರ ಹಿಡಿತದಿಂದ ನುಣುಚಿ ನಡುಗೆರೆಗೆ ಮರಳುವ ದೃಶ್ಯವನ್ನು ನೂರು ಗಜದ ಬಯಲಿಗೆ ಹಿಗ್ಗಿಸಿದರೆ ಈ ಆಟದ ಅರ್ಧ ತಿಳಿದಂತೆ. ಉಳಿದರ್ಧದಲ್ಲಿ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿನಿಂದ ದಾಟಿಸುವುದೂ ಇದೆ. ಅದಕ್ಕೆ ಮೂರು ಅಂಕ. ಆ ಕಾಲದಲ್ಲಿ ಈ ಆಟವು ಎಷ್ಟು ಕ್ರೂರವಾಗಿತ್ತೆಂದರೆ ಆಟಗಾರರು ಪ್ರಾಣ ಕಳೆದುಕೊಳ್ಳುವುದೂ ಉಂಟಾಗಿ, ನಿಯಮಗಳನ್ನೇ ತಿದ್ದಬೇಕಾಗಿ ಬಂದಿತು.

ತನ್ನ ಶ್ರೇಷ್ಠ ಓಟಗಾರನು ಮೂಳೆ ಮುರಿದುಕೊಂಡಾನೆಂದು ವಾರ್ನರನು ಆತನನ್ನು ಫುಟ್‌ಬಾಲಿಗೆ ಬಿಡಲೊಲ್ಲದಾಗಿದ್ದನು. ಜಿಮ್ ಹಠ ಬಿಡಲಿಲ್ಲ. ಕೊನೆಗೆ, ಸುಸ್ತಾದರೆ ಸುಮ್ಮನಾದಾನೆಂದು ಚೆಂಡನ್ನು ಆತನ ಕೈಗೆ ಕೊಟ್ಟು ಹಿರಿಯ ಆಟಗಾರರ ಗುಂಪನ್ನೆಲ್ಲ ಎದುರಿಗೆ ನಿಲ್ಲಿಸಿದನು. ಜಿಮ್ ಅವರೆಲ್ಲರನ್ನೂ ದಾಟಿಕೊಂಡು ಹೋದನು. ಇನ್ನೊಮ್ಮೆ ಓಡಿಸಿದರು, ಇನ್ನೊಮ್ಮೆಯೂ ಹಾಗೆಯೇ ಆಯಿತು. ಅಂದಿನಿಂದ ಆತನು ಫುಟ್‌ಬಾಲ್ ಆಟಗಾರನು.

ಕಾರ್ಲೈಲಿನ ಹುಡುಗರು ದೇಶದ ಅತಿ ದೊಡ್ಡ ಮಹಾವಿದ್ಯಾಲಯಗಳೊಡನೆ ಸೆಣಸುತ್ತಿದ್ದರು. 1911ರ ನವೆಂಬರಿನಲ್ಲಿ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಲೆ ಆಡಲು ಹೋದರು. ಜಿಮ್‌ನ ಕಾಲಿಗೆ ಪೆಟ್ಟಾಗಿ ಪಟ್ಟಿ ಕಟ್ಟಿತ್ತು. ಹಾರ್ವರ್ಡಿನವರು ಇವರನ್ನು ಲೆಕ್ಕಕ್ಕಿಡದೆ, ತಮ್ಮ ಮುಖ್ಯ ಆಟಗಾರರನ್ನು ಮೊದಲು ಹೊರಗೇ ಕೂರಿಸಿದ್ದರು. ಜಿಮ್ ಆ ನೋಯುವ ಕಾಲಿನಲ್ಲಿಯೇ ನಾಲ್ಕು ಬಾರಿ ಚೆಂಡನ್ನು ಕಂಬಗಳ ನಡುವೆ ದಾಟಿಸಿದನು; ಕೊನೆಯದು ಸುಮಾರು 48 ಗಜ ದೂರದಿಂದ. ಕಾರ್ಲೈಲ್ 18, ಹಾರ್ವರ್ಡ್ 15. ಕಮ್ಮಾರಿಕೆ ಕಲಿಯುವ ಹುಡುಗರು ಅಮೆರಿಕದ ಅತಿ ಪುರಾತನ ವಿದ್ಯಾಪೀಠವನ್ನು ಸೋಲಿಸಿದ ಸುದ್ದಿಯು ದೇಶದಲ್ಲೆಲ್ಲ ಹರಡಿತು.

ಮರುವರ್ಷದ ನವೆಂಬರಿನಲ್ಲಿ ನಡೆದ ಪಂದ್ಯವು ಇದಕ್ಕಿಂತಲೂ ಹೆಚ್ಚಿನದು. ಎದುರಾಳಿಗಳು ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದವರು, ಎಂದರೆ ಮುಂದೆ ಅಮೆರಿಕದ ಸೈನ್ಯವನ್ನು ನಡೆಸುವವರು. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಎಂಬಲ್ಲಿ ಆ ಸೈನ್ಯವು ಮೂಲನಿವಾಸಿಗಳ ನೂರಾರು ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದು ಇನ್ನೂ 22 ವರ್ಷವಾಗಿದ್ದಿತು. ಇದನ್ನು ಕಾರ್ಲೈಲಿನ ಹುಡುಗರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಆದರೂ ಆಟಕ್ಕೆ ಮೊದಲು ವಾರ್ನರನು ನೆನಪಿಸಿದನಂತೆ. ಕಾರ್ಲೈಲ್ 27, ಸೈನಿಕರು 6. ಜಿಮ್ ಅಂದು ಓಡಿದ ಬಗೆಯನ್ನು ನೋಡಿದವರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಆತನನ್ನು ಹೇಗಾದರೂ ಹೊಡೆದು ಕೆಡವಲು ಹೋಗಿ ತಾವೇ ಪೆಟ್ಟು ತಿಂದು ಹೊರಬಿದ್ದವರಲ್ಲಿ ಡ್ವೈಟ್ ಐಸೆನ್‌ಹೋವರ್ ಎಂಬ ತರುಣನೊಬ್ಬನಿದ್ದನು. ಎರಡನೆಯ ಮಹಾಯುದ್ಧದಲ್ಲಿ ಸೇನಾಪತಿಯಾಗಿ, 1953ರಿಂದ 1961ರವರೆಗೆ ಅಮೆರಿಕದ ಅಧ್ಯಕ್ಷನಾಗಿ ಮೆರೆದವನೇ ಈತನು. ಮುಪ್ಪಿನಲ್ಲಿಯೂ ಈತನು ಥಾರ್ಪ್‌ನಂಥ ಆಟಗಾರನನ್ನು ತಾನು ಬೇರೆ ಕಂಡಿಲ್ಲವೆಂದು ಹೇಳುತ್ತಿದ್ದನು.

ಈ ಎರಡು ಪಂದ್ಯಗಳ ನಡುವೆ, 1912ರ ಬೇಸಗೆಯಲ್ಲಿ, ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಐದನೆಯ ಒಲಿಂಪಿಕ್ ಕ್ರೀಡೆಗಳು ನಡೆದವು. ಅಮೆರಿಕದ ತಂಡವು ಫಿನ್‌ಲೆಂಡ್ ಎಂಬ ಹಡಗಿನಲ್ಲಿ ಹೊರಟಿತು. ಉಳಿದವರು ಅಭ್ಯಾಸ ಮಾಡುತ್ತಿದ್ದರೆ ಜಿಮ್ ನಿದ್ದೆ ಹೊಡೆಯುತ್ತಿದ್ದನೆಂದು ಪತ್ರಿಕೆಗಳವರು ಬಣ್ಣ ಕಟ್ಟಿ ಬರೆದರು. ಮೂಲನಿವಾಸಿಯೆಂದ ಮೇಲೆ ಸೋಮಾರಿಯಾಗಿಯೇ ಇರಬೇಕು, ಗೆದ್ದರೆ ಅದು ರಕ್ತದ ಗುಣವೇ ಹೊರತು ದುಡಿಮೆಯ ಫಲವಲ್ಲ ಎಂಬ ನಂಬಿಕೆ ಅವರದು. ಜೊತೆಯಲ್ಲಿದ್ದ ಓಟಗಾರರಾದರೋ, ಹಡಗಿನ ಅಟ್ಟದ ಮೇಲೆ ಹಾಸಿದ್ದ ಹಾದಿಯಲ್ಲಿ ಆತನು ತಮ್ಮೊಡನೆ ದಿನವೂ ಓಡುತ್ತಿದ್ದುದನ್ನು ಮುಂದೆ ಸಾಕ್ಷಿ ಹೇಳಿದರು. ಬೇರೆಯವರು ಮಾಡುವುದನ್ನು ಕಣ್ಣಿಟ್ಟು ನೋಡಿ, ಮನಸ್ಸಿನಲ್ಲಿ ಒಮ್ಮೆ ಮಾಡಿಕೊಂಡು, ಬಳಿಕ ಮೈಯಿಂದ ಮಾಡುವುದು ಆತನ ಕ್ರಮವಾಗಿದ್ದಿತು. ಇದೂ ಒಂದು ಅಭ್ಯಾಸವೇ, ಬಹಳ ಕಠಿನವಾದ ಅಭ್ಯಾಸ.

ಜುಲೈ 7ರಂದು ಐದು ಸ್ಪರ್ಧೆಗಳ ಪೆಂಟಾಥ್ಲಾನ್ ನಡೆಯಿತು. ಉದ್ದ ಜಿಗಿತ, 200 ಮೀಟರ್ ಓಟ, ಚಕ್ರ ಎಸೆತ, 1500 ಮೀಟರ್ ಓಟ, ಈ ನಾಲ್ಕರಲ್ಲಿಯೂ ಜಿಮ್ ಮೊದಲಿಗನು. ಭರ್ಜಿ ಎಸೆತವೊಂದರಲ್ಲಿ ಮಾತ್ರ ಮೂರನೆಯವನು. ವಾರದ ಬಳಿಕ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಮೂರು ದಿನಗಳ ಕಾಲ ನಡೆಯಿತು. ನಡುವೆ ಒಂದು ಬೆಳಗ್ಗೆ ನೋಡಿದರೆ ಆತನ ಬೂಟುಗಳು ಕಾಣೆಯಾಗಿದ್ದವು. ಒಂದು ಬೂಟನ್ನು ಯಾರಿಂದಲೋ ಕೇಳಿ ಪಡೆದು, ಇನ್ನೊಂದನ್ನು ಕಸದ ಡಬ್ಬಿಯಿಂದ ಹೆಕ್ಕಿದನೆಂದು ಹೇಳುತ್ತಾರೆ. ಒಂದು ದೊಡ್ಡದಾದುದರಿಂದ ಆ ಕಾಲಿಗೆ ಹೆಚ್ಚಿನ ಕಾಲುಚೀಲ. ಎರಡು ಕಾಲಿಗೆ ಎರಡು ಬಗೆಯ ಬೂಟುಗಳನ್ನು ತೊಟ್ಟು ನಿಂತ ಆತನ ಛಾಯಾಚಿತ್ರವು ಇಂದಿಗೂ ಉಳಿದಿದೆ. ಮುಖದಲ್ಲಿ ದುಗುಡದ ಗೆರೆಯೊಂದೂ ಇಲ್ಲ. ಎತ್ತರ ಜಿಗಿತದಲ್ಲಿ 1.87 ಮೀಟರ್, 110 ಮೀಟರ್ ಅಡೆತಡೆಯ ಓಟದಲ್ಲಿ 15.6 ಸೆಕೆಂಡು, ಎಲ್ಲಕ್ಕೂ ಕೊನೆಗೆ ದಣಿದ ಮೈಯಲ್ಲಿ 1500 ಮೀಟರನ್ನು 4 ನಿಮಿಷ 40.1 ಸೆಕೆಂಡಿನಲ್ಲಿ ಓಡಿ, ಅಂದಿನ ಲೆಕ್ಕದಂತೆ 8,412 ಅಂಕಗಳನ್ನು ಗಳಿಸಿದನು. ಎರಡನೆಯವನಾದ ಸ್ವೀಡನ್ನಿನ ಹ್ಯೂಗೊ ವೀಸ್ಲಾಂಡರ್ ಸುಮಾರು 700 ಅಂಕಗಳಷ್ಟು ಹಿಂದುಳಿದಿದ್ದನು.

ಸ್ವೀಡನ್ನಿನ ದೊರೆ ಐದನೆಯ ಗುಸ್ತಾವನು ತನ್ನ ಕೈಯಿಂದಲೇ ಆತನನ್ನು ಪುರಸ್ಕರಿಸಿ, ಲೋಕದಲ್ಲಿಯೇ ಶ್ರೇಷ್ಠ ಕ್ರೀಡಾಪಟುವೆಂದು ಕೊಂಡಾಡಿದನು. ದೊರೆಯ ಕಂಚಿನ ಪ್ರತಿಮೆಯೂ ರಷ್ಯದ ಚಕ್ರವರ್ತಿಯು ಕಳುಹಿಸಿದ ಬೆಲೆಬಾಳುವ ಪಾನಪಾತ್ರೆಯೂ ಪದಕಗಳೊಡನೆ ದೊರೆತವು. ನ್ಯೂಯಾರ್ಕಿಗೆ ಮರಳಿದಾಗ ಜನರು ಬೀದಿಯ ಇಕ್ಕೆಲಗಳಲ್ಲಿಯೂ ನಿಂತು ಜಯಘೋಷ ಮಾಡಿದರು. ಅದೇ ವರ್ಷ ಆತನು ಕಾಲೇಜುಗಳ ನಡುವಣ ನೃತ್ಯ ಸ್ಪರ್ಧೆಯನ್ನೂ ಗೆದ್ದನೆಂಬುದನ್ನು ಕೇಳಿ ನಮಗೆ ನಗು ಬಂದಿತು. ಆ ಮೈಗೆ ಬಾರದ ವಿದ್ಯೆಯೇ ಇರಲಿಲ್ಲವೆಂದು ತೋರುತ್ತದೆ.

ಆರು ತಿಂಗಳು ಕಳೆಯಿತು. 1913ರ ಜನವರಿಯಲ್ಲಿ ವೂಸ್ಟರ್ ನಗರದ ಪತ್ರಿಕೆಯೊಂದು, ಥಾರ್ಪ್ ಹಿಂದೆ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂದು ಪ್ರಕಟಿಸಿತು. ಸುದ್ದಿಯು ಸುಳ್ಳಾಗಿರಲಿಲ್ಲ. 1909ರ ಬೇಸಗೆಯಲ್ಲಿ, ರೈತರ ಹೊಲದಲ್ಲಿ ಕೂಲಿ ಮಾಡುವುದಕ್ಕೆ ಬದಲಾಗಿ, ಕಾರ್ಲೈಲಿನ ಗೆಳೆಯರೊಡನೆ ಆತನು ಉತ್ತರ ಕ್ಯಾರೊಲೈನದ ರಾಕಿ ಮೌಂಟ್ ಎಂಬ ಊರಿಗೆ ಹೋಗಿ ಅಲ್ಲಿಯ ತಂಡದಲ್ಲಿ ಆಡಿದ್ದನು, ಮರುವರ್ಷವೂ ಆಡಿದ್ದನು. ದೊರೆಯುತ್ತಿದ್ದುದು ಊಟ ವಸತಿಗೆ ಸಾಲುವಷ್ಟು ಹಣ. ಅಂದಿನ ದೊಡ್ಡ ವಿದ್ಯಾಲಯಗಳ ಎಷ್ಟೋ ತರುಣರು ಹೀಗೆಯೇ ಬೇಸಗೆಯಲ್ಲಿ ಹಣಕ್ಕಾಗಿ ಆಡುತ್ತಿದ್ದರು. ಬಲ್ಲವರಾದ ಅವರು ಸುಳ್ಳು ಹೆಸರುಗಳನ್ನು ಬರೆಸುತ್ತಿದ್ದರು. ಜಿಮ್ ಮಾತ್ರ ತನ್ನ ಹೆಸರನ್ನೇ ಬರೆಸಿದನು. ಬಚ್ಚಿಡಬೇಕಾದ ಕೆಲಸವೆಂದು ಆತನಿಗೆ ಹೊಳೆಯಲೇ ಇಲ್ಲ.

ಒಲಿಂಪಿಕ್ ಸ್ಪರ್ಧಾಳುವು ಆಟದಿಂದ ಒಂದು ಕಾಸನ್ನೂ ಗಳಿಸಿರಬಾರದೆಂಬುದು ಆಗಿನ ನಿಯಮ. ಕೇಳಲು ಉದಾತ್ತವಾಗಿದೆ. ಆದರೆ ಅದರ ಬೇರನ್ನು ಹುಡುಕಿದರೆ ಇಂಗ್ಲೆಂಡಿನ ಸಿರಿವಂತರ ಕ್ರೀಡಾಸಂಘಗಳಿಗೆ ಹೋಗಿ ಮುಟ್ಟುತ್ತೇವೆ. ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದವನು ಕಾಸನ್ನು ಮುಟ್ಟದೆ ಆಡಬಲ್ಲನು. ದುಡಿದು ತಿನ್ನುವವನು ತಮ್ಮ ಸಾಲಿನಲ್ಲಿ ನಿಲ್ಲಬಾರದೆಂಬುದೇ ಅವರ ಒಳಮನಸ್ಸು. ಹಗಲಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತ ಕನ್ನಡದ ಹುಡುಗರನ್ನು ಈ ನಗರವು ತಲೆಮಾರುಗಳಿಂದ ಕಂಡಿದೆ. ಅವರಲ್ಲೊಬ್ಬನು ಚೆಂಡಾಡಿ ಎರಡು ಹೊತ್ತಿನ ಊಟವನ್ನು ಸಂಪಾದಿಸಿದ್ದರೆ ನಾವು ಅವನನ್ನು ಕಳ್ಳನೆನ್ನುತ್ತಿದ್ದೆವೇ?

ಜಿಮ್ ಕ್ರೀಡಾಸಂಘದ ಅಧಿಕಾರಿಗಳಿಗೆ ಪತ್ರವನ್ನು ಬರೆದನು. ತಾನು ಆಡಿದ್ದು ನಿಜ, ಹಣ ಪಡೆದದ್ದೂ ನಿಜ, ಆದರೆ ಹಣದಾಸೆಗಾಗಿ ಅಲ್ಲ. ತಾನು ಲೋಕದ ರೀತಿಯನ್ನರಿಯದ ಒಬ್ಬ ಶಾಲೆಯ ಹುಡುಗನಾಗಿದ್ದೆನು, ಕ್ಷಮಿಸಬೇಕು ಎಂದು ಬೇಡಿಕೊಂಡನು. ಪತ್ರದ ಬರವಣಿಗೆಯಲ್ಲಿ ವಾರ್ನರನ ಕೈವಾಡವಿತ್ತೆಂದು ಬಹುಮಂದಿಯ ನಂಬಿಕೆ. ಆತನೂ ಶಾಲೆಯ ಮೇಲಧಿಕಾರಿಯೂ ತಮಗೇನೂ ತಿಳಿದಿರಲಿಲ್ಲವೆಂದು ಕೈತೊಳೆದುಕೊಂಡರು. ತನ್ನ ಅತ್ಯುತ್ತಮ ಆಟಗಾರನು ಎರಡು ವರ್ಷ ಎಲ್ಲಿ ಹೋಗಿದ್ದನೆಂಬುದು ಗುರುವಿಗೆ ಗೊತ್ತಿರಲಿಲ್ಲವೆಂದರೆ ಯಾರು ನಂಬಬೇಕು? ನಾವೂ ಶಿಕ್ಷಕರೇ ಆದುದರಿಂದ ಈ ಮಾತನ್ನು ಸಂಕೋಚದಿಂದಲೇ ಬರೆಯುತ್ತಿದ್ದೇವೆ: ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ನೋವನ್ನುಂಟುಮಾಡುವುದು ಅಧಿಕಾರಿಗಳ ಕಾಠಿನ್ಯವಲ್ಲ, ಗುರುವಿನ ಈ ಮೌನ.

ಪದಕಗಳನ್ನು ಕಿತ್ತುಕೊಂಡರು. ಪ್ರತಿಮೆಯನ್ನೂ ಪಾತ್ರೆಯನ್ನೂ ಹಿಂದಕ್ಕೆ ಕಳುಹಿಸಿದರು. ದಾಖಲೆಯ ಪುಸ್ತಕದಿಂದ ಹೆಸರನ್ನು ಹೊಡೆದುಹಾಕಿದರು. ಪದಕಗಳು ನಾರ್ವೆಯ ಫರ್ಡಿನಾಂಡ್ ಬೀ ಮತ್ತು ವೀಸ್ಲಾಂಡರ್ ಅವರಿಗೆ ಹೋದವು. ಗೆದ್ದವನು ಥಾರ್ಪ್ ಎಂದೇ ವೀಸ್ಲಾಂಡರ್ ಬದುಕಿನುದ್ದಕ್ಕೂ ತಿಳಿದನು. ಸೋತವನ ಈ ದೊಡ್ಡತನವನ್ನು ಮರೆಯಬಾರದು. ಇಷ್ಟೆಲ್ಲ ನಡೆದಾಗ ಒಂದು ಸಂಗತಿಯನ್ನು ಯಾರೂ ಎತ್ತಲಿಲ್ಲ. ಸ್ಟಾಕ್‌ಹೋಮ್ ಕ್ರೀಡೆಗಳ ನಿಯಮಾವಳಿಯಲ್ಲಿಯೇ, ಸ್ಪರ್ಧಾಳುವಿನ ಅರ್ಹತೆಯ ವಿಷಯದಲ್ಲಿ ಆಕ್ಷೇಪವೇನಾದರೂ ಇದ್ದರೆ 30 ದಿನಗಳೊಳಗೆ ಸಲ್ಲಿಸಬೇಕೆಂದು ಬರೆದಿತ್ತು. ಆಕ್ಷೇಪವು ಬಂದದ್ದು ಆರು ತಿಂಗಳ ಬಳಿಕ. ನಿಯಮವನ್ನು ತಿಳಿಯದ ಹುಡುಗನನ್ನು ಶಿಕ್ಷಿಸಿದವರು ತಮ್ಮ ನಿಯಮವನ್ನೇ ತಿಳಿದಿರಲಿಲ್ಲ, ಅಥವಾ ತಿಳಿದೂ ಸುಮ್ಮನಿದ್ದರು.

ಮುಂದಿನ ವರ್ಷಗಳನ್ನು ಬೇಗನೆ ಹೇಳಿಬಿಡುತ್ತೇವೆ. ಹಣಕ್ಕೆ ಆಡುವವನೆಂಬ ಹೆಸರು ಬಂದ ಮೇಲೆ ಆತನು ಹಾಗೆಯೇ ಆಡಿದನು. 1913ರಿಂದ 1919ರವರೆಗೆ ನ್ಯೂಯಾರ್ಕ್, ಸಿನ್ಸಿನಾಟಿ, ಬಾಸ್ಟನ್ ತಂಡಗಳಲ್ಲಿ ಬೇಸ್‌ಬಾಲ್. ಅಲ್ಲಿ ಆತನು ಒಳ್ಳೆಯ ಆಟಗಾರನೇ ಹೊರತು ಅದ್ವಿತೀಯನಲ್ಲ. 1915ರಿಂದ ಕ್ಯಾಂಟನ್ ನಗರದ ತಂಡದಲ್ಲಿ ಪಂದ್ಯವೊಂದಕ್ಕೆ 250 ಡಾಲರಿನಂತೆ ಫುಟ್‌ಬಾಲ್. 1920ರಲ್ಲಿ ಅದೇ ನಗರದ ಮೋಟಾರು ಮಾರುವ ಅಂಗಡಿಯೊಂದರಲ್ಲಿ ಹಲವು ತಂಡಗಳವರು ಕೂಡಿ ಸಂಘವೊಂದನ್ನು ಕಟ್ಟಿದಾಗ ಜಿಮ್‌ನನ್ನೇ ಅದರ ಮೊದಲ ಅಧ್ಯಕ್ಷನನ್ನಾಗಿ ಆರಿಸಿದರು. ಕುರ್ಚಿಗಳು ಸಾಲದೆ ಕೆಲವರು ಮೋಟಾರುಗಳ ಮೆಟ್ಟಿಲಿನ ಮೇಲೆ ಕುಳಿತಿದ್ದರಂತೆ. ಆ ಸಂಘವೇ 1922ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ತಾಳಿ, ಇಂದು ಕೋಟ್ಯಂತರ ಡಾಲರುಗಳ ವ್ಯವಹಾರವಾಗಿ ಬೆಳೆದಿದೆ. 1922 ಮತ್ತು 1923ರಲ್ಲಿ ಮೂಲನಿವಾಸಿಗಳೇ ಆಡುವ ತಂಡವೊಂದನ್ನು ಆತನು ನಡೆಸಿದನು. ಅದರ ಒಡೆಯನು ನಾಯಿಗಳ ವ್ಯಾಪಾರಿ; ಆಟದ ವಿರಾಮದಲ್ಲಿ ಆಟಗಾರರಿಂದ ಬುಡಕಟ್ಟಿನ ಕುಣಿತವನ್ನು ಮಾಡಿಸಿ, ನಾಯಿಗಳ ಕಸರತ್ತನ್ನು ತೋರಿಸಿ ತನ್ನ ಸರಕಿಗೆ ಪ್ರಚಾರವನ್ನು ಗಿಟ್ಟಿಸಿಕೊಳ್ಳುತ್ತಿದ್ದನು. 1928ರಲ್ಲಿ, ನಲವತ್ತು ದಾಟಿದ ಮೇಲೆ, ಜಿಮ್ ಆಟದಿಂದ ನಿವೃತ್ತನಾದನು.

ಇದರ ನಡುವೆ ಮೂರು ವರ್ಷದ ಚೊಚ್ಚಲು ಮಗನನ್ನು ಕಳೆದುಕೊಂಡನು. ಕುಡಿತವು ಆತನನ್ನು ಹಿಡಿಯಿತು. ಎರಡು ವಿವಾಹಗಳು ಮುರಿದವು. ಇವನ್ನು ಮುಚ್ಚಿಡುವುದು ನಮಗೆ ಸರಿಕಾಣದು. ಕೈಗೆ ಬಂದ ಹಣವನ್ನು ಉಳಿಸಲೂ ಆತನು ಕಲಿಯಲಿಲ್ಲ, ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಿದ್ದನು. ಅಮೆರಿಕವನ್ನು ಆರ್ಥಿಕ ಮುಗ್ಗಟ್ಟು ಕವಿದಾಗ, 1931ರಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ ಕಟ್ಟುತ್ತಿದ್ದ ಆಸ್ಪತ್ರೆಯೊಂದರ ಅಡಿಪಾಯಕ್ಕೆ ಗುದ್ದಲಿ ಹಿಡಿದು ಮಣ್ಣು ಅಗೆಯುವ ಕೂಲಿಯಾಗಿ ಆತನು ಪತ್ರಿಕೆಯವರ ಕಣ್ಣಿಗೆ ಬಿದ್ದನು. ಮರುವರ್ಷ ಅದೇ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಒಳಗೆ ಹೋಗುವ ಚೀಟಿಯನ್ನು ಕೊಳ್ಳಲು ಆತನ ಬಳಿ ಹಣವಿಲ್ಲವೆಂಬ ಸುದ್ದಿಯು ಹಬ್ಬಿತು. ಆಗಿನ ಉಪಾಧ್ಯಕ್ಷನಾದ ಚಾರ್ಲ್ಸ್ ಕರ್ಟಿಸನು ತಾನೂ ತಾಯಿಯ ಕಡೆಯಿಂದ ಮೂಲನಿವಾಸಿಯಾಗಿದ್ದು, ಆತನನ್ನು ಕರೆಯಿಸಿ ತನ್ನ ಜೊತೆಯಲ್ಲಿ ಕೂರಿಸಿಕೊಂಡನು. ಆತನನ್ನು ಗುರುತಿಸಿದ ಜನಸಮೂಹವು ಎದ್ದು ನಿಂತು ಚಪ್ಪಾಳೆ ತಟ್ಟಿತು.

ಬಳಿಕ ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳು, ಕಾವಲುಗಾರನ ಕೆಲಸ, ಶಾಲೆಗಳಲ್ಲಿ ಭಾಷಣ. 1950ರಲ್ಲಿ ಅಮೆರಿಕದ ಪತ್ರಕರ್ತರು ಮತ ಹಾಕಿ, ಶತಮಾನದ ಮೊದಲರ್ಧದ ಶ್ರೇಷ್ಠ ಫುಟ್‌ಬಾಲ್ ಆಟಗಾರನೂ ಶ್ರೇಷ್ಠ ಕ್ರೀಡಾಪಟುವೂ ಥಾರ್ಪ್‌ನೇ ಎಂದು ಸಾರಿದರು. ಮರುವರ್ಷ ಆತನ ಜೀವನವನ್ನು ಕುರಿತ ಚಲನಚಿತ್ರವು ತೆರೆಕಂಡಿತು. ಕಥೆಯ ಹಕ್ಕನ್ನು ಬಹು ಹಿಂದೆಯೇ 1,500 ಡಾಲರಿಗೆ ಮಾರಿದ್ದನು. ಅದೇ ವರ್ಷ ತುಟಿಯ ಅರ್ಬುದ ರೋಗಕ್ಕೆ ಶಸ್ತ್ರಚಿಕಿತ್ಸೆಯಾದಾಗ ಖರ್ಚಿಗೆ ಕಾಸಿರಲಿಲ್ಲ. 1953ರ ಮಾರ್ಚ್ 28ರಂದು, ಕ್ಯಾಲಿಫೋರ್ನಿಯದ ಲೊಮಿಟ ಎಂಬಲ್ಲಿ, ಗಾಲಿಗಳ ಮೇಲಿನ ತನ್ನ ಪುಟ್ಟ ಮನೆಯಲ್ಲಿ ಹೃದಯಾಘಾತದಿಂದ ಪ್ರಾಣಬಿಟ್ಟನು.

ಪದಕಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆತನ ಜೊತೆಗೇ ಸ್ಟಾಕ್‌ಹೋಮಿನಲ್ಲಿ ಸ್ಪರ್ಧಿಸಿ ಸೋತಿದ್ದ ಏವರಿ ಬ್ರಂಡೇಜ್ ಎಂಬವನು 1952ರಿಂದ 1972ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದನು. ಆತನು ಇರುವವರೆಗೂ ಯಾವ ಮನವಿಗೂ ಬಾಗಿಲು ತೆರೆಯಲಿಲ್ಲ. ರಾಬರ್ಟ್ ವೀಲರ್ ಎಂಬ ಲೇಖಕನೂ ಆತನ ಪತ್ನಿ ಫ್ಲಾರೆನ್ಸ್ ರಿಡ್ಲನ್ನಳೂ ವರ್ಷಗಟ್ಟಲೆ ಹೋರಾಡಿದರು. 30 ದಿನಗಳ ಆ ನಿಯಮವು ಅಚ್ಚಾಗಿದ್ದ ಹಳೆಯ ಪುಸ್ತಕವನ್ನು ವಾಷಿಂಗ್ಟನ್ನಿನ ದೊಡ್ಡ ಗ್ರಂಥಾಲಯದಲ್ಲಿ ಕಂಡುಹಿಡಿದವಳು ಈಕೆಯೇ. 1982ರಲ್ಲಿ ಸಮಿತಿಯು ಮಣಿಯಿತು. 1983ರ ಜನವರಿಯಲ್ಲಿ ಪದಕಗಳ ಪ್ರತಿಗಳನ್ನು ಮಕ್ಕಳ ಕೈಗಿತ್ತರು. ಮೂಲ ಪದಕಗಳು ವಸ್ತುಸಂಗ್ರಹಾಲಯಗಳಿಂದ ಕಳುವಾಗಿ ಹೋಗಿದ್ದವು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದಂತೆ! ಅದೂ ಪೂರ್ತಿಯಾಗಿ ಹಾಕಲಿಲ್ಲ: ಆತನನ್ನು ಉಳಿದಿಬ್ಬರೊಡನೆ ಜಂಟಿ ವಿಜೇತನೆಂದು ಮಾತ್ರ ಬರೆದುಕೊಂಡರು. 2022ರ ಜುಲೈಯಲ್ಲಿ, ಸ್ವೀಡನ್ ಮತ್ತು ನಾರ್ವೆಯವರ ಒಪ್ಪಿಗೆಯನ್ನು ಪಡೆದು, ಎರಡು ಸ್ಪರ್ಧೆಗಳಲ್ಲಿಯೂ ಏಕೈಕ ವಿಜೇತನು ಜಿಮ್ ಥಾರ್ಪ್ ಎಂದು ತಿದ್ದಿದರು. ಗೆದ್ದು ಸರಿಯಾಗಿ 110 ವರ್ಷಗಳಾಗಿದ್ದವು.

ಆತನ ದೇಹಕ್ಕೂ ಸ್ವಂತ ಮಣ್ಣು ದೊರೆಯಲಿಲ್ಲ. ಓಕ್ಲಹೋಮದಲ್ಲಿ ಮಕ್ಕಳೂ ಬಂಧುಗಳೂ ತಮ್ಮ ಜನಾಂಗದ ವಿಧಿಯಂತೆ ಅಂತ್ಯಕ್ರಿಯೆಯನ್ನು ನಡೆಸುತ್ತಿರುವಾಗಲೇ, ಮೂರನೆಯ ಪತ್ನಿಯು ಬಂದು ಶವವನ್ನು ಒಯ್ದಳು. ಸ್ಮಾರಕಕ್ಕೆ ಅಲ್ಲಿಯ ಸರಕಾರವು ಹಣವನ್ನು ಕೊಡಲಿಲ್ಲವೆಂಬ ಅಸಮಾಧಾನ ಆಕೆಗೆ. ಪೆನ್ಸಿಲ್ವೇನಿಯದಲ್ಲಿ ಕಲ್ಲಿದ್ದಲ ವ್ಯಾಪಾರವು ಇಳಿದು ಬಡವಾಗಿದ್ದ ಎರಡು ಅವಳಿ ಊರುಗಳು 1954ರಲ್ಲಿ ಒಂದಾಗಿ, ಜಿಮ್ ಥಾರ್ಪ್ ಎಂಬ ಹೆಸರನ್ನೇ ಇಟ್ಟುಕೊಂಡು, ಯಾತ್ರಿಕರು ಬಂದಾರೆಂಬ ಆಸೆಯಿಂದ ಆ ದೇಹಕ್ಕೆ ಸ್ಥಳವನ್ನು ಕೊಟ್ಟವು. ಬದುಕಿದ್ದಾಗ ಆತನಿಗೆ ಆ ಊರಿನೊಡನೆ ಯಾವ ನಂಟೂ ಇರಲಿಲ್ಲ. ತಂದೆಯನ್ನು ಮನೆಗೆ ಒಯ್ಯಬೇಕೆಂದು ಮಕ್ಕಳು 2010ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, 2013ರಲ್ಲಿ ಗೆದ್ದು, 2014ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ಸೋತರು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಅಹವಾಲನ್ನು ಕೈಗೆತ್ತಿಕೊಳ್ಳಲಿಲ್ಲ. ಕೆಂಪು ಶಿಲೆಯ ಆ ಗೋರಿಯು ರಸ್ತೆಯ ಬದಿಯಲ್ಲಿ ಹಾಗೆಯೇ ಇದೆ. ಅದನ್ನು ಕಟ್ಟುವಾಗ ಕೆಳಗೆ ಎರಡು ಕಡೆಯ ಮಣ್ಣನ್ನು ತಂದು ಹಾಕಿದರು: ಒಂದು ಓಕ್ಲಹೋಮದಲ್ಲಿ ಆತನು ಹುಟ್ಟಿದ ನೆಲದ್ದು, ಇನ್ನೊಂದು ಸ್ಟಾಕ್‌ಹೋಮಿನ ಕ್ರೀಡಾಂಗಣದ್ದು.